ಸಾವರ್ ಗ್ಯಾಸ್ ಲೈನಿನ ವಾಲ್ವ್‌ಗಳಿಗೆ ಲೋಹ ಆರಿಸಿದ ಬಗೆ

ಹೈಡ್ರೋಜನ್ ಸಲ್ಫೈಡ್ ಬೆರೆತ ಅನಿಲವೇ ಸಾವರ್ ಗ್ಯಾಸ್. ಅಂಥ ಅನಿಲದ ಕೊಲ್ಲಿಯ ಘಟಕವೊಂದಕ್ಕೆ ಬಾಲ್ ವಾಲ್ವ್‌ಗಳನ್ನು ಆರಿಸುವ ಹೊಣೆ ನನ್ನದಾದಾಗ ಮೊದಲು ಲೆಕ್ಕ ಹಾಕಿದ್ದು ಹೈಡ್ರೋಜನ್ ಸಲ್ಫೈಡಿನ ಆಂಶಿಕ ಒತ್ತಡವನ್ನು, ಅಂದರೆ ಒಟ್ಟು ಒತ್ತಡದಲ್ಲಿ ಅದೊಂದರ ಪಾಲನ್ನು. ಇಂಥ ಅನಿಲಕ್ಕೆ ಬಳಸುವ ಲೋಹಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15156ರ ಪ್ರಕಾರ ಈ ಒತ್ತಡ 0.3 ಕಿಲೋಪಾಸ್ಕಲ್ ಮುಟ್ಟಿತೆಂದರೆ ಉಕ್ಕನ್ನು ಎಚ್ಚರದಿಂದ ಆರಿಸಬೇಕಾಗುತ್ತದೆ. 60 ಬಾರ್ ಒತ್ತಡದ ಲೈನಿನಲ್ಲಿ ಬರೀ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಸಲ್ಫೈಡ್ ಸಾಕು, ಆ ಗಡಿ ಬಂದುಬಿಡುತ್ತದೆ. ನಮ್ಮದು 70 ಬಾರ್, ಅದರಲ್ಲಿ ಶೇ 2ರಷ್ಟು ಸಲ್ಫೈಡ್. ಅಂದರೆ 140 ಕಿಲೋಪಾಸ್ಕಲ್. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ಕ್ಲೋರೈಡ್ ಬೆರೆತ ನೀರೂ ಇತ್ತು.

ಇಲ್ಲಿ ತುಕ್ಕಿಗಿಂತ ಬಿರುಕಿನ ಭಯವೇ ಹೆಚ್ಚು. ನೀರಿದ್ದಾಗ ಹುಟ್ಟುವ ಹೈಡ್ರೋಜನ್ ಪರಮಾಣುಗಳು ಸಲ್ಫೈಡಿನ ದೆಸೆಯಿಂದ ಜೋಡಿಯಾಗಿ ಹೊರಹೋಗಲಾರದೆ ಉಕ್ಕಿನೊಳಕ್ಕೆ ಇಳಿಯುತ್ತವೆ. ಉಕ್ಕು ಗಡುಸಾಗಿದ್ದಷ್ಟೂ ಸೀಳುವುದು ಸುಲಭ. ಕಾರ್ಬನ್ ಉಕ್ಕಿಗೆ ಗಡಸುತನದ ಅಳತೆಯಾದ ರಾಕ್‌ವೆಲ್ ಸಿಯಲ್ಲಿ 22ರ ಮಿತಿ ಇರುವುದು ಇದಕ್ಕಾಗಿಯೇ. ಈ ಬಿರುಕು ಕೋಣೆಯ ಉಷ್ಣಾಂಶದ ಆಸುಪಾಸಿನಲ್ಲೇ ಅತಿ ತೀವ್ರವಾದ್ದರಿಂದ, ಲೈನು 80 ಡಿಗ್ರಿಯಲ್ಲಿ ಓಡುತ್ತದೆಂಬ ಸಮಾಧಾನ ನಡೆಯದು. ಶಟ್‌ಡೌನ್ ಆದಾಗ ವಾಲ್ವ್ ತಣ್ಣಗಾಗಿಯೇ ತೀರುತ್ತದೆ.

ವಾಲ್ವಿನ ಹೊರಕವಚಕ್ಕೆ (ಬಾಡಿ) ಎಲ್‌ಎಫ್2 ಎಂಬ ಕಾರ್ಬನ್ ಉಕ್ಕಿನ ಫೋರ್ಜಿಂಗ್ ತೆಗೆದುಕೊಂಡು, ಅನಿಲ ತಾಗುವ ಮೇಲ್ಮೈಗೆ ನಿಕಲ್ ಮಿಶ್ರಲೋಹ ಇಂಕೊನೆಲ್ 625 ಅನ್ನು 3 ಮಿಲಿಮೀಟರ್ ದಪ್ಪಕ್ಕೆ ವೆಲ್ಡ್ ಮಾಡಿಸಿದೆವು. ಆ ಪದರದ ಅಡಿಯಲ್ಲಿ ವೆಲ್ಡಿನ ಬಿಸಿ ತಗುಲಿದ ಉಕ್ಕು 250 ವಿಕರ್ಸ್ (ಗಡಸುತನದ ಇನ್ನೊಂದು ಅಳತೆ) ದಾಟಬಾರದೆಂದು ಪಟ್ಟು ಹಿಡಿದದ್ದು ತಯಾರಕರಿಗೆ ಅಷ್ಟೇನೂ ರುಚಿಸಲಿಲ್ಲ.

ಬಾಡಿಯ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಹೊತ್ತು ತೆಗೆದುಕೊಂಡದ್ದು ಸಣ್ಣ ಭಾಗಗಳೇ. ಬಾಲ್ ತಿರುಗಿಸುವ ಕಡ್ಡಿಯಾದ ಸ್ಟೆಮ್‌ಗೆ ಬಂದ 17-4 ಪಿಎಚ್ ಎಂಬ ಗಡುಸು ಸ್ಟೇನ್‌ಲೆಸ್ ಉಕ್ಕಿನ ಪ್ರಸ್ತಾವವನ್ನು ಒಪ್ಪದೆ, ಗಡಸುತನ ರಾಕ್‌ವೆಲ್ ಸಿ 40 ಮೀರದ ಇಂಕೊನೆಲ್ 718 ಕೇಳಿದೆ. ಬಾಲ್‌ಗೆ ಒತ್ತಿ ಕೂರುವ ಸೀಟಿನ ಹಿಂದಿನ ಸ್ಪ್ರಿಂಗ್‌ಗೆ ಇನ್ನೊಂದು ನಿಕಲ್ ಮಿಶ್ರಲೋಹ ಎಕ್ಸ್-750. ಒಂದು ಡ್ರಾಯಿಂಗಿನಲ್ಲಿ ಕಾರ್ಬನ್ ಉಕ್ಕಿನ ಭಾಗಕ್ಕೆ ನಿಕಲ್ ಲೇಪನವನ್ನೇ ರಕ್ಷಣೆಯೆಂದು ತೋರಿಸಿದ್ದರು. ಲೇಪನ ಸವೆತಕ್ಕೆ ಸರಿ, ಬಿರುಕಿಗೆ ಅದನ್ನು ಮಾನದಂಡವೇ ಒಪ್ಪುವುದಿಲ್ಲ.

ಬೋಲ್ಟುಗಳು ಗಾಳಿಗೆ ತೆರೆದಿದ್ದರೆ ಬಿ7 ಎಂಬ ಸಾಮಾನ್ಯ ದರ್ಜೆಯ ಉಕ್ಕು ನಡೆಯುತ್ತದೆ. ಆದರೆ ಇನ್ಸುಲೇಶನ್ ಹೊದಿಸಿದ ಕಡೆ ಸೋರಿದ ಅನಿಲ ಒಳಗೇ ನಿಲ್ಲುವುದರಿಂದ ಮೆದುವಾದ ಬಿ7ಎಂ ಬೇಕು. ಅದರ ಬಲ ಕಡಿಮೆಯಾದ್ದರಿಂದ ಫ್ಲ್ಯಾಂಜಿನ ಲೆಕ್ಕವನ್ನೂ ಮತ್ತೊಮ್ಮೆ ಮಾಡಿಸಬೇಕಾಯಿತು. ಸೀಲುಗಳಲ್ಲಿ ವೈಟಾನ್ ಎಂಬ ರಬ್ಬರ್ ಹಾಕುವವರಿದ್ದೆವು. ಲೈನಿಗೆ ಬಿಡುವ ಇನ್‌ಹಿಬಿಟರ್ (ತುಕ್ಕು ತಡೆಯುವ ರಾಸಾಯನಿಕ) ಅಮೈನ್ ಆಧಾರಿತವೆಂದೂ, ಅಮೈನ್ ವೈಟಾನನ್ನು ಕೆಡಿಸುತ್ತದೆಂದೂ ಗಮನಿಸಿ, ಸ್ಪ್ರಿಂಗ್ ಕೂರಿಸಿದ ಪಿಟಿಎಫ್‌ಇ (ಟೆಫ್ಲಾನ್) ಲಿಪ್ ಸೀಲಿಗೆ ಬದಲಾಯಿಸಿದೆವು.