ರಾಸ್ಪ್‌ಬೆರಿ ಪೈಗೆ 169.254 ಐಪಿ ಬಂದರೆ ಎಸ್‌ಡಿ ಕಾರ್ಡ್ ಅಳಿಸಬೇಡಿ

ಗೆಳೆಯರೇ, ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ಮಾವನವರ ಒಣದ್ರಾಕ್ಷಿ ಶೆಡ್‌ನಲ್ಲಿ ತಾಪಮಾನ ನೋಡೋಕೆ ಒಂದು ಹಳೆಯ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. ಹೋದ ವಾರ ಇದ್ದಕ್ಕಿದ್ದಂತೆ ಅದು ನೆಟ್‌ವರ್ಕ್‌ನಲ್ಲಿ ಸಿಗಲೇ ಇಲ್ಲ. ಮಾನಿಟರ್ ಹಚ್ಚಿ ನೋಡಿದರೆ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, 169.254 ಅಂತ ಶುರುವಾಗಿತ್ತು.

ಇದು ರೂಟರ್ ಕೊಟ್ಟ ವಿಳಾಸ ಅಲ್ಲ. ಪೈ ಡಿಎಚ್‌ಸಿಪಿ (ರೂಟರ್ ತಾನಾಗಿ ಐಪಿ ಹಂಚೋ ವ್ಯವಸ್ಥೆ) ಮೂಲಕ ಐಪಿ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಕೊನೆಗೆ ತಾನೇ ಒಂದು ಹಾಕಿಕೊಂಡಿದೆ ಅಷ್ಟೇ. ಹಾಗಾಗಿ ಪೈನ ಓಎಸ್ ಇರೋ ಎಸ್‌ಡಿ ಕಾರ್ಡ್ ಅಳಿಸೋಕೆ ಹೋಗದೆ, ಮೊದಲು ಪೈನಿಂದ ರೂಟರ್‌ವರೆಗಿನ ಕೇಬಲ್ ದಾರಿ ನೋಡಿ. ಪೈನ ಈಥರ್ನೆಟ್ ದೀಪ ಉರಿಯುತ್ತಿದೆ ಅಂತ ಸುಮ್ನೆ ನಂಬಬೇಡಿ. ಆ ದೀಪ ಹೇಳೋದು ಪಕ್ಕದ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಸೇರೋ ಪೆಟ್ಟಿಗೆ) ವರೆಗಿನ ಮಾತು ಮಾತ್ರ. ನಮ್ಮಲ್ಲಿ ಸ್ವಿಚ್‌ನಿಂದ ರೂಟರ್‌ಗೆ ಹೋಗೋ ಕೇಬಲ್‌ನ ಪ್ಲಾಸ್ಟಿಕ್ ಕ್ಲಿಪ್ ಮುರಿದು, ತುದಿ ಅರ್ಧ ಹೊರಗೆ ಬಂದಿತ್ತು. ಬೇರೆ ಕೇಬಲ್ ಹಾಕಿ ಪೈ ರೀಸ್ಟಾರ್ಟ್ ಮಾಡಿದೆ. 192.168 ಬಂತು!

ಕೇಬಲ್ ಸರಿ ಇದ್ದರೆ ರೂಟರ್‌ನಲ್ಲಿ ಡಿಎಚ್‌ಸಿಪಿ ಆನ್ ಇದೆಯಾ ನೋಡಿ.

ಇನ್ನೊಂದು ಮಾತು. 2023ರ ಬುಕ್‌ವರ್ಮ್ ಆವೃತ್ತಿಯಿಂದ ಪೈ ಓಎಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳೋಕೆ ಹಳೆಯ ಡಿಎಚ್‌ಸಿಪಿಸಿಡಿ ಬದಲು ನೆಟ್‌ವರ್ಕ್‌ಮ್ಯಾನೇಜರ್ ಅನ್ನೋ ಪ್ರೋಗ್ರಾಂ ಬಂದಿದೆ. ಹಳೆಯ ವಿಡಿಯೋ ನೋಡಿ ಡಿಎಚ್‌ಸಿಪಿಸಿಡಿ ಫೈಲ್ ತಿದ್ದಿದರೆ ಏನೂ ಆಗಲ್ಲ. ಐಪಿ ಬದಲಾಗಬಾರದು ಅಂದರೆ ರೂಟರ್‌ನಲ್ಲೇ ಪೈನ ಮ್ಯಾಕ್ ವಿಳಾಸಕ್ಕೆ (ಅದರ ಹಾರ್ಡ್‌ವೇರ್‌ನ ಗುರುತಿನ ಸಂಖ್ಯೆ) ಒಂದು ಐಪಿ ರಿಸರ್ವ್ ಮಾಡಿ. ನನಗೆ ಇದೇ ಜಾಸ್ತಿ ಇಷ್ಟ, ಕಾರ್ಡ್ ಬದಲಿಸಿದರೂ ಅದೇ ಐಪಿ ಬರುತ್ತದೆ. ಪೈನಲ್ಲೇ ಐಪಿ ಬರೆಯೋದಾದರೆ ರೂಟರ್ ಹಂಚೋ ಸಾಲಿನ ಹೊರಗಿನ ನಂಬರ್ ಆರಿಸಿ, ಇಲ್ಲದಿದ್ದರೆ ಯಾರದೋ ಮೊಬೈಲ್‌ಗೂ ಅದೇ ನಂಬರ್ ಹೋಗಿ ಎರಡೂ ತಡವರಿಸುತ್ತವೆ.