ಕೆಳಲೈನಿನ ಕೆಂಪು ಚುಕ್ಕಿಗಳು

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಆಶಾ ಕಾರ್ಯಕರ್ತೆಯಾಗಿ ಓಡಾಡುತ್ತೇನೆ. ಮೊದಲೆಲ್ಲ ಕೆಮ್ಮುವ ಮಗುವನ್ನಷ್ಟೇ ನೋಡುತ್ತಿದ್ದೆ, ಮನೆಯನ್ನು ನೋಡುತ್ತಿರಲಿಲ್ಲ.

ಒಂದು ಆಷಾಢದ ಮಧ್ಯಾಹ್ನ ಹನ್ನೊಂದು ತಿಂಗಳ ಹೆಣ್ಣುಮಗುವಿನ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 58 ಬಂತು. ಆ ವಯಸ್ಸಿಗೆ 50 ಮುಟ್ಟಿದರೇ ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಜೀಪು ಹಿಡಿದು ಆಸ್ಪತ್ರೆಗೆ ಸೇರಿಸಿದೆವು, ಮಗು ಉಳಿಯಿತು. ಮೂರು ವಾರಕ್ಕೆ ಅದೇ ಸಾಲಿನ ಇನ್ನೊಂದು ಮಗು ಕಾಯಿಲೆ ಬಿತ್ತು. ಆ ರಾತ್ರಿ ಹಳೆಯ ಡೈರಿಗಳನ್ನು ಹರವಿಕೊಂಡು ಕುಳಿತೆ. ಎರಡು ಮಳೆಗಾಲದಲ್ಲಿ ಆಸ್ಪತ್ರೆಗೆ ಕಳುಹಿಸಿದ ಆರು ಮಕ್ಕಳಲ್ಲಿ ಐದು ಹಳ್ಳದ ಕಡೆಯ ಕೆಳಲೈನಿನವು. ಮೇಲಿನ ಲೈನಿನವರಿಗೂ ಅದೇ ಕೂಲಿ, ಅದೇ ರೇಷನ್ ಅಕ್ಕಿ.

ಮರುದಿನ ಕೆಳಲೈನಿನ ಆ ಎರಡನೆಯ ಮಗುವಿನ ಮನೆಯಲ್ಲಿ ಅರ್ಧ ದಿನ ಕುಳಿತೆ. ಒಂದೇ ಕೋಣೆ, ಏಳು ಜನ. ಎರಚಲು ಹೊಡೆಯದಂತೆ ಕಿಟಕಿಗೆ ಗೊಬ್ಬರದ ಚೀಲ ಬಡಿದಿದ್ದರು. ಗೋಡೆಗೆ ಮೊಣಕಾಲೆತ್ತರಕ್ಕೆ ಕರಿ ಬೂಷ್ಟು. ಒದ್ದೆ ಸೌದೆ ಉರಿಯದೆ ಹೊಗೆಯಾಡುತ್ತಿತ್ತು. ಒಲೆಯ ಮೇಲೆ ಹಗ್ಗ, ಹಗ್ಗದ ತುಂಬ ಮಗುವಿನ ಬಟ್ಟೆ. ಬೆಚ್ಚಗಿರಲೆಂದು ತೊಟ್ಟಿಲನ್ನೂ ಅಲ್ಲಿಯೇ ಕಟ್ಟಿದ್ದರು.

"ಹೊಗೆ ಬೇಕಲ್ಲ ತಾಯಿ, ಇಲ್ಲದಿದ್ದರೆ ಅಟ್ಟದ ಸೌದೆ ಒಣಗುವುದು ಹೇಗೆ?" ಎಂದರು ಅಜ್ಜಿ. ಅವರ ಮಾತು ಸರಿಯಾಗಿಯೇ ಇತ್ತು. ಗ್ಯಾಸ್ ಸಿಲಿಂಡರ್ ಮೂಲೆಯಲ್ಲಿ ಖಾಲಿ ನಿಂತಿತ್ತು. ಮಳೆಗೆ ಕೆಲಸ ನಿಂತ ವಾರ ಅದನ್ನು ತುಂಬಿಸಲು ದುಡ್ಡು ಎಲ್ಲಿಂದ ಬರಬೇಕು? ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ತೆಗೆಸಿ ನೋಡಿದೆ. ತೋಟದಿಂದ ತೋಟಕ್ಕೆ ಬರುವ ಗಡಿಬಿಡಿಯಲ್ಲಿ ನ್ಯುಮೋನಿಯಾ ತಡೆಯಲು ಕೊಡುವ 14ನೇ ವಾರದ ನ್ಯುಮೋಕಾಕಲ್ ಲಸಿಕೆ ತಪ್ಪಿಹೋಗಿತ್ತು. ಈಗ ಹೊಸಬರು ಬಂದ ದಿನವೇ ಕಾರ್ಡ್ ಕೇಳುತ್ತೇನೆ.

ಡೈರಿಯ ಹಾಳೆಯಲ್ಲಿ ಲೈನಿನ ನಕ್ಷೆ ಬರೆದು, ಕಾಯಿಲೆ ಬಿದ್ದ ಮನೆಗಳಿಗೆ ಕೆಂಪು ಚುಕ್ಕಿ ಇಟ್ಟು ತೋಟದ ಲೆಕ್ಕಪತ್ರ ನೋಡುವ ರೈಟರ್ ಕೈಗೆ ಕೊಟ್ಟೆ. ಬಾಯಿಮಾತಿಗೆ ಎಂದೂ ಕಿವಿಗೊಡದಿದ್ದವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬೇಸಿಗೆಯಲ್ಲಿ ನಾಲ್ಕು ಮನೆಗಳಿಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಬಿಡುವ ಒಲೆ ಅದು. ಸೌದೆ ಒಣಗಲು ಹೊರಗೆ ಶೀಟಿನ ಮಾಡು ಹಾಕಿಸಿದರು. ತೊಟ್ಟಿಲನ್ನು ಬಾಗಿಲ ಬಳಿಗೆ ತಂದು ಕಟ್ಟಿದ್ದು ಮಾತ್ರ ಅಜ್ಜಿಯೇ.

ಗೋಡೆಯ ತೇವ ಹಾಗೆಯೇ ಇದೆ. ಮನೆಗಳ ಹಿಂದೆ ಚರಂಡಿ ತೋಡಿಸಿ ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ, ನಕ್ಷೆಯ ಜೆರಾಕ್ಸ್ ಸೇರಿಸಿ.