ನಾರ್ಡ್‌ಶ್ಲೈಫೆಯಲ್ಲಿ ಮೊದಲ ರೇಸ್: ತಯಾರಿ ಹೀಗಿರಲಿ

ಜರ್ಮನಿಯ ಐಫೆಲ್ ಬೆಟ್ಟಸಾಲಿನಲ್ಲಿರುವ ನ್ಯೂರ್‌ಬುರ್ಗ್‌ರಿಂಗ್‌ನ ಹಳೆಯ ಟ್ರ್ಯಾಕ್ ನಾರ್ಡ್‌ಶ್ಲೈಫೆಯ ಉದ್ದ 20.832 ಕಿ.ಮೀ. ಇಲ್ಲಿ ನಡೆಯುವ ದೀರ್ಘ ರೇಸ್‌ಗಳ ಸರಣಿ ಎನ್‌ಎಲ್‌ಎಸ್‌ನಲ್ಲಿ ಪಕ್ಕದ ಹೊಸ ಗ್ರಾಂಪ್ರೀ ಟ್ರ್ಯಾಕ್‌ನ ಒಂದು ತುಂಡೂ ಸೇರಿ ಸುತ್ತು 24.358 ಕಿ.ಮೀ. ಆಗುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸುತ್ತು ಸುಮಾರು 3.7 ಕಿ.ಮೀ.; ಅಲ್ಲಿ ತಪ್ಪಿದ ತಿರುವು ಎರಡು ನಿಮಿಷದಲ್ಲಿ ಮತ್ತೆ ಎದುರಾಗುತ್ತದೆ. ಇಲ್ಲಿ ಸಣ್ಣ ಕಾರಿನಲ್ಲಿ ಹತ್ತು ನಿಮಿಷ ಕಾಯಬೇಕು. ಓಡಿಸುತ್ತಲೇ ಕಲಿಯುತ್ತೇನೆ ಅಂದರೆ ಆಗದ ಮಾತು.

ರೇಸಿಂಗ್ ಲೈಸೆನ್ಸ್ ಒಂದೇ ಸಾಲದು. ಜರ್ಮನ್ ಮೋಟಾರ್ ಕ್ರೀಡಾ ಒಕ್ಕೂಟ ಡಿಎಮ್‌ಎಸ್‌ಬಿ ಈ ಟ್ರ್ಯಾಕ್‌ಗೆಂದೇ ಬೇರೆ ಪರ್ಮಿಟ್ ಕೊಡುತ್ತದೆ. ಮೊದಲು ಬಿ ದರ್ಜೆ. ಇಲ್ಲಿ ರೇಸ್ ಮುಗಿಸಿದ ಅನುಭವ ತೋರಿಸಿದ ಮೇಲೆ, ವೇಗದ ಕಾರುಗಳಿಗೆ ಬೇಕಾದ ಎ ದರ್ಜೆ. ಮೊದಲ ವರ್ಷ ಕಡಿಮೆ ಶಕ್ತಿಯ ಕಾರನ್ನೇ ಆರಿಸಿಕೊಳ್ಳಿ.

ತಿರುವುಗಳ ಸರದಿಯನ್ನು ಸಿಮ್ಯುಲೇಟರ್‌ನಲ್ಲಿ ಬಾಯಿಪಾಠ ಮಾಡಿ. ಕಣ್ಣು ಮುಚ್ಚಿ ಶುರುವಿನ ಹಾಟ್ಸೆನ್‌ಬಾಖ್‌ನಿಂದ ಕೊನೆಯ ಉದ್ದ ನೇರ ದಾರಿ ಡೊಟ್ಟಿಂಗರ್ ಹೊಹೆವರೆಗೆ ಹೆಸರು ಹೇಳಲು ಬರಬೇಕು. ದಿಬ್ಬದ ಆಚೆ ಎಡವೋ ಬಲವೋ ಎಂದು ಒಂದು ಕಡೆ ಅನುಮಾನ ಬಂದರೂ ಆ ಭಾಗ ಇನ್ನೂ ಕಲಿತಿಲ್ಲವೆಂದೇ ಅರ್ಥ. ಸಿಮ್ಯುಲೇಟರ್ ಕಲಿಸದ ಸಂಗತಿ ಒಂದಿದೆ: ದಿಬ್ಬದ ಮೇಲೆ ಕಾರು ಹಗುರವಾಗುವುದು, ತಗ್ಗಿನಲ್ಲಿ ಭಾರವಾಗಿ ಕೂರುವುದು ಮೈಗೆ ಗೊತ್ತಾಗುವುದು ಅಲ್ಲೇ ಹೋದಾಗ.

ಹೊಸಬರು ಹೆಚ್ಚು ಕಾರು ಕಳೆದುಕೊಳ್ಳುವುದೂ ಇಂಥ ಜಾಗಗಳಲ್ಲೇ. ಫ್ಲುಗ್‌ಪ್ಲಾಟ್ಸ್‌ನ ದಿಬ್ಬ ದಾಟುವಾಗ ಸ್ಟಿಯರಿಂಗ್ ನೇರವಾಗಿರಲಿ; ಕಾರು ಮತ್ತೆ ಕೂತ ಮೇಲೆ ಬಲಕ್ಕೆ ತಿರುಗಿಸಿ. ಶ್ವೇಡೆನ್‌ಕ್ರಾಯ್ಟ್ಸ್ ವೇಗದ ಎಡ ತಿರುವು. ವೇಗ ಇಳಿಸುವುದಿದ್ದರೆ ದಿಬ್ಬಕ್ಕೆ ಮುಂಚೆಯೇ ಇಳಿಸಿ. ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಬಿಟ್ಟರೆ ಹಿಂದಿನ ಚಕ್ರಗಳ ಮೇಲಿನ ಭಾರ ಹೋಗಿ ಹಿಂಭಾಗ ಜಾರುತ್ತದೆ, ಅಲ್ಲಿ ಅದನ್ನು ಹಿಡಿಯಲು ಜಾಗವೇ ಇಲ್ಲ. ಫುಕ್ಸ್‌ರೋರೆಯ ಇಳಿಜಾರಿನ ತಳದಲ್ಲಿ ಸಸ್ಪೆನ್ಷನ್ ಪೂರ್ತಿ ಕುಗ್ಗುತ್ತದೆ. ಆ ತಗ್ಗಿನಲ್ಲಿ ಬ್ರೇಕ್ ಬೇಡ. ಏರು ಶುರುವಾದಾಗ ಕಾರನ್ನು ನೇರ ಮಾಡಿ ಹಿಡಿಯಿರಿ, ಏಕೆಂದರೆ ಮುಂದಿನ ಅಡೆನಾವರ್ ಫೋರ್ಸ್ಟ್‌ನ ಎಡ-ಬಲ ತಿರುವು ಕಾಣುವುದೇ ತಡವಾಗಿ. ಪ್ಲಾಂಟ್ಸ್‌ಗಾರ್ಟೆನ್‌ನಲ್ಲೂ ಇದೇ ನಿಯಮ: ಜಿಗಿತಕ್ಕೆ ಮುಂಚೆ ಬ್ರೇಕ್ ಮುಗಿದಿರಬೇಕು, ಚಕ್ರಗಳು ನೇರ ಇರಬೇಕು.

ಕಾರುಸೆಲ್ ಎಂಬ ಬಟ್ಟಲಿನಂಥ ತಿರುವಿನಲ್ಲಿ ಒಳಗಿನ ಕಾಂಕ್ರೀಟ್ ಪಟ್ಟಿಗೆ ಇಡೀ ಕಾರನ್ನು ಇಳಿಸಿ. ಅಲ್ಲಿ ಕಾರು ಕುಲುಕುತ್ತದೆ, ಅದು ಸಹಜ. ಪಟ್ಟಿಯಿಂದ ಹೊರಬರುವ ಹೊತ್ತಿಗೆ ಸ್ಟಿಯರಿಂಗ್ ಜೋರಾಗಿ ತಿರುಗಿಸಿಕೊಂಡಿದ್ದರೆ, ಡಾಂಬರು ಸಿಕ್ಕ ಕೂಡಲೇ ಟೈರಿನ ಹಿಡಿತ ಒಮ್ಮೆಲೇ ಬದಲಾಗುತ್ತದೆ. ನಿಧಾನಕ್ಕೆ ಬಿಡುತ್ತ ಬನ್ನಿ. ಸಮಯ ಉಳಿಸುವ ಆಸೆಯಿದ್ದರೆ ಬೆರ್ಗ್‌ವೆರ್ಕ್‌ ತಿರುವೊಂದನ್ನು ಚೆನ್ನಾಗಿ ಕಲಿಯಿರಿ. ಅದರ ನಂತರ ಕೆಸೆಲ್‌ಖೆನ್‌ನ ಉದ್ದ ಏರು ಇದೆ. ತಡವಾಗಿ ತಿರುಗಿ, ಬೇಗ ಗ್ಯಾಸ್ ಕೊಟ್ಟವರಿಗೆ ಏರಿನುದ್ದಕ್ಕೂ ಲಾಭ.

ಮೊದಲ ರೇಸ್‌ನಲ್ಲಿ ಕನ್ನಡಿಯೇ ನಿಮ್ಮ ಮುಖ್ಯ ಕೆಲಸ. ಅತಿ ವೇಗದ ಜಿಟಿ3 ದರ್ಜೆಯ ಕಾರುಗಳು ಇದೇ ಟ್ರ್ಯಾಕ್‌ನಲ್ಲಿ ನಿಮ್ಮ ಹಿಂದೆ ಬರುತ್ತವೆ. ದಾರಿ ಬಿಡಲು ತಿರುವಿನ ನಡುವೆ ಪಕ್ಕಕ್ಕೆ ಸರಿಯಬೇಡಿ. ನಿಮ್ಮ ಸಾಲಿನಲ್ಲೇ ಇರಿ, ಯಾವ ಬದಿ ಇರುತ್ತೀರಿ ಎಂದು ಇಂಡಿಕೇಟರ್‌ನಲ್ಲಿ ತೋರಿಸಿ. ದಾಟುವ ಹೊಣೆ ಹಿಂದಿನವರದು. ಎರಡು ಹಳದಿ ಬಾವುಟ ಕಂಡರೆ ಗಂಟೆಗೆ ಗರಿಷ್ಠ 120 ಕಿ.ಮೀ., ಕೋಡ್ 60 ಎಂಬ ಸೂಚನೆ ಇದ್ದರೆ 60. ವೇಗ ಇಳಿಸಬೇಕು ನಿಜ, ಆದರೆ ಕನ್ನಡಿ ನೋಡದೆ ಬ್ರೇಕ್ ತುಳಿದರೆ ಹಿಂದಿನವರು ಬಂದು ಗುದ್ದುತ್ತಾರೆ.

ಕಾರಿನ ವಿಷಯಕ್ಕೆ ಬಂದರೆ ಸಸ್ಪೆನ್ಷನ್ ಮೃದುವಾಗಿರಲಿ. ನಯವಾದ ಟ್ರ್ಯಾಕ್‌ಗೆ ಹೊಂದಿಸಿದ ಬಿಗಿ ಸೆಟಪ್ ಇಲ್ಲಿ ಕುಪ್ಪಳಿಸುತ್ತದೆ, ನೆಲಕ್ಕೆ ತೀರ ಹತ್ತಿರವಿದ್ದರೆ ಫುಕ್ಸ್‌ರೋರೆಯಲ್ಲಿ ತಳ ಉಜ್ಜುತ್ತದೆ. ಹೆಚ್ಚು ಕುದಿಬಿಂದುವಿನ ಬ್ರೇಕ್ ಆಯಿಲ್ ಹೊಸದಾಗಿ ತುಂಬಿಸಿ. ಪೂರ್ತಿ ಸುತ್ತು ಓಡಿಸಿ ಬಂದು, ಟೈರಿನ ಗಾಳಿಯನ್ನು ಬಿಸಿ ಇರುವಾಗಲೇ ಅಳೆಯಿರಿ.

ಒಂದು ಕಡೆ ಮಳೆ, ಇನ್ನೊಂದು ಕಡೆ ಬಿಸಿಲು ಇಲ್ಲಿ ಮಾಮೂಲು. ಅಭಿಮಾನಿಗಳು ರಸ್ತೆಗೆ ಬಳಿದ ಬರಹಗಳು ಒದ್ದೆಯಾದರೆ ವಿಪರೀತ ಜಾರುತ್ತವೆ. ಯಾವ ಟೈರ್ ಹಾಕಬೇಕೆಂದು ಪಿಟ್‌ನ (ಟೈರ್ ಬದಲಿಸುವ, ಪೆಟ್ರೋಲ್ ತುಂಬುವ ಜಾಗ) ಮೇಲಿನ ಆಕಾಶ ನೋಡಿ ತೀರ್ಮಾನಿಸಬೇಡಿ, ಇಡೀ ಸುತ್ತಿನ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿ. ಪೆಟ್ರೋಲ್ ಲೆಕ್ಕದಲ್ಲಿ ಪೂರ್ತಿ ಒಂದು ಸುತ್ತಿನಷ್ಟು ಹೆಚ್ಚುವರಿ ಇಟ್ಟುಕೊಳ್ಳಿ: ದೂರದ ಆರೆಂಬೆರ್ಗ್ ತಿರುವಿನಲ್ಲಿ ಖಾಲಿಯಾಯಿತೆಂದರೆ ಪಿಟ್‌ಗೆ ಒಳದಾರಿಯಿಲ್ಲ. ಟೈರ್ ಪಂಕ್ಚರ್ ಆದರೂ ಅಷ್ಟೇ. ನಿಧಾನಕ್ಕೆ ಬಂದರೆ ರಿಮ್ ಉಳಿಯುತ್ತದೆ. ಆತುರಪಟ್ಟರೆ ಹರಿದ ಟೈರ್ ಬಡಿದು ಬ್ರೇಕ್ ಪೈಪೂ ಹೋಗುತ್ತದೆ.